ಆರೂವರೆ ಬಸ್ಸಿನ ಪತ್ರ

ಕಾಡಂಚಿನ ಮಾವನಲ್ಲ ಎಂಬ ಊರಿನ ಸಿಂಧುಜಾ ಹತ್ತನೇ ತರಗತಿಯ ಇಂಗ್ಲಿಷ್ ಪರೀಕ್ಷೆಗೆಂದು ನೋಟ್‌ಬುಕ್ಕಿನ ತುಂಬ ದೊಡ್ಡ ದೊಡ್ಡ ಪದಗಳನ್ನು ಬರೆದಿಟ್ಟುಕೊಂಡಿದ್ದಳು. ಓದಿದವರ ಮನಸ್ಸು ಒಪ್ಪುವಂಥ ಒಂದು ಪತ್ರ ಬರೆಯಿರಿ ಎಂದು ಪಂಕಜಂ ಟೀಚರ್ ಹೇಳಿದಾಗ, ಸಾಯಂಕಾಲದ ಬಸ್ಸನ್ನು ಬೇಗ ಬಿಡಿ ಎಂದು ಡಿಪೋ ಮ್ಯಾನೇಜರಿಗೆ ಬರೆದಳು. ಒಂದೇ ಪುಟದಲ್ಲಿ ಅಂಥ ಇಪ್ಪತ್ತೆರಡು ಪದಗಳಿದ್ದವು.

ಟೀಚರ್ ಎರಡು ಸಲ ಓದಿದರು. "ಪದ ಒಂದೂ ತಪ್ಪಿಲ್ಲ. ಆದ್ರೆ ಯಾರಿಗೆ ಏನು ಕಷ್ಟ ಅಂತ ಎಲ್ಲೂ ಇಲ್ಲವಲ್ಲಮ್ಮ."

ಮನೆಯಲ್ಲಿ ತಾಯಿ ಬಂಗಾರಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಸಿಂಧುಜಾ ಮುಖ ಊದಿಸಿಕೊಂಡೇ ಕೇಳಿದಳು: "ಅವ್ವ, ಸಾಯಂಕಾಲದ ಬಸ್ಸು ಬೇಗ ಬಿಡಿ ಅನ್ನೋಕೆ ನೀನಾಗಿದ್ರೆ ಆ ಡಿಪೋನೋರ್ಗೆ ಏನಂತ ಹೇಳ್ತಿದ್ದೆ?"

"ಏನು ಹೇಳೋದು? ಬಸ್ಸು ಆರೂವರೆಗೆ ಇಳಿಸ್ತದೆ. ರೋಡಿಂದ ಮನೆಗೆ ಬರೋ ದಾರೀಲಿ ಆನೆ ನಿಂತಿರ್ತದೆ. ಅದಕ್ಕೇ ನಿನ್ನ ಜೊತೆ ಬರ್ತಿದ್ದ ಮಲ್ಲಿ ಸ್ಕೂಲು ಬಿಟ್ಲು. ನೀನು ಬರೋಗಂಟ ನಾನು ಬಾಗ್ಲು ಬಿಟ್ಟು ಕದಲಲ್ಲ. ನಿಮ್ಮ ಮಗಳಾಗಿದ್ರೆ ಆ ಹೊತ್ನಲ್ಲಿ ನಡೆಸ್ತಿದ್ರಾ ಅಂತ ಕೇಳ್ತಿದ್ದೆ."

ಸಿಂಧುಜಾ ಹೊಸ ಹಾಳೆ ತೆಗೆದಳು. ಮಲ್ಲಿಯಿಂದ ಶುರು ಮಾಡಿದಳು. ಆ ದಾರಿಯಲ್ಲಿ ನಡೆಯುವ ಹುಡುಗಿಯರು ಹನ್ನೊಂದು ಮಂದಿ ಎಂದು ಎಣಿಸಿ ಬರೆದಳು. ಒಂದು ಗಂಟೆ ಮುಂಚೆ ಬಂದರೆ ಸಾಕು ಎಂದು ಕೇಳಿದಳು. ಅವ್ವನ ಪ್ರಶ್ನೆಯನ್ನು ಕೊನೆಗಿಟ್ಟಳು. ನೋಟ್‌ಬುಕ್ಕಿನಿಂದ ಒಂದೇ ಪದ ಉಳಿಸಿಕೊಂಡಳು, ಜೀವಕ್ಕೆ ಕುತ್ತು ತರುವಂಥದ್ದು ಎಂಬರ್ಥದ್ದು. ಆ ದಾರಿಗೆ ಅದೇ ಸರಿಯಾದ ಪದವಾಗಿತ್ತು.

ಟೀಚರ್ ಅದಕ್ಕೆ ಅಂಕ ಹಾಕಲಿಲ್ಲ. ಹನ್ನೊಂದು ಹುಡುಗಿಯರ ಸಹಿ ಹಾಕಿಸಿ ಅಂಚೆಗೆ ಹಾಕಿದರು.

ಮೂರು ವಾರ ಕಳೆದ ಮೇಲೆ ಮ್ಯಾನೇಜರೇ ಆರೂವರೆ ಬಸ್ಸಿನಲ್ಲಿ ಬಂದಿಳಿದರು. ಹುಡುಗಿಯರ ಜೊತೆ ಆ ದಾರಿಯಲ್ಲಿ ನಡೆದರು. ಇನ್ನೂ ಹಬೆಯಾಡುತ್ತಿದ್ದ ಆನೆ ಲದ್ದಿ ಕಂಡ ಮೇಲೆ ಅವರು ಬೇಗ ಬೇಗ ಹೆಜ್ಜೆ ಹಾಕಿದರು. ಸಿಂಧುಜಾಳ ಮನೆ ಬಾಗಿಲಲ್ಲಿ ನಿಂತು, "ಮಗಳು ಚೆನ್ನಾಗಿ ಬರ್ದಿದ್ದಾಳಮ್ಮ" ಎಂದರು.

"ಮಾತೆಲ್ಲ ಅವ್ವಂದೇ ಸಾರ್," ಎಂದಳು ಸಿಂಧುಜಾ. "ನಾನು ಇಂಗ್ಲಿಷಿಗೆ ಹಾಕಿದೆ."

ಕುರ್ಚಿ ತರಲು ಒಳಗೆ ಹೋದ ಬಂಗಾರಮ್ಮ ಕಣ್ಣೊರೆಸಿಕೊಂಡು ಬಂದಳು.

ಮುಂದಿನ ಸೋಮವಾರ ಬಸ್ಸು ಐದೂವರೆಗೇ ಬಂತು. ಬಿಸಿಲು ಇನ್ನೂ ಇತ್ತು. ಮಲ್ಲಿಯೂ ಯೂನಿಫಾರಂ ಹಾಕಿಕೊಂಡು ಇಳಿದಳು. ರಸ್ತೆಯವರೆಗೂ ಬಂದು ಕಾಯುತ್ತಿದ್ದ ಬಂಗಾರಮ್ಮ ಕಂಡಕ್ಟರಿಗೆ ಕೇಳುವಂತೆ ಹೇಳಿದಳು:

"ಆ ಕಾಗದ ಬರ್ದೋರು ನಾವೇ ಕಣಪ್ಪ."