ಹೂ ಮುಡಿಸುವ ರವಿವಾರ

ರವಿವಾರ ಹೂ ಮುಡಿಸುವ ಶಾಸ್ತ್ರವಿತ್ತು. ಶುಕ್ರವಾರ ಸಂಜೆ ನನ್ನ ಮೊಮ್ಮಗಳು ಸ್ನೇಹಲ್ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡು ಮನೆಗೆ ಬಂದಳು. ಗಂಡಿನ ತಾಯಿ ಬಂದು ಹುಡುಗಿಯ ಜಡೆಗೆ ಹೂ ಮುಡಿಸಿದರೇನೇ ನಮ್ಮಲ್ಲಿ ಸಂಬಂಧ ಗಟ್ಟಿ. ಜಡೆಯೇ ಇಲ್ಲದಿದ್ದರೆ?

ಅವಳ ತಾಯಿ, ನನ್ನ ಸೊಸೆ ಕಲ್ಲವ್ವ ನನ್ನ ಮೇಲೇ ಬಂದಳು. "ಅತ್ತಿ, ನಿಮ್ಮ ಜರ್ಮನಿ ಇವತ್ತ ನಮ್ಮ ಹೊಸ್ತಿಲ ದಾಟ್ತು ನೋಡ್ರಿ."

ಅವಳು ಅಂದದ್ದು ಸುಳ್ಳಲ್ಲ. ಅರವತ್ತು ದಾಟಿದ ಮೇಲೆ ರಾತ್ರಿ ಶಾಲೆ ಸೇರಿದವಳು ನಾನು. ಅಲ್ಲಿ ಇತಿಹಾಸದ ಪಾಠದಲ್ಲಿ ಮೊದಲ ಮಹಾಯುದ್ಧ ಸೋತ ಜರ್ಮನಿ ಬಂತು. ಹೆಂಗಸರಿಗೆ ಓಟು ಸಿಕ್ಕಿತಂತೆ. ಕಚೇರಿ, ಅಂಗಡಿ, ಕಾರ್ಖಾನೆ ಎಂದು ಹುಡುಗಿಯರು ದುಡಿಯಲು ಹೊರಟರಂತೆ. ಲಂಗ ಮೇಲೇರಿತು, ಕೂದಲು ಗಿಡ್ಡವಾಯಿತು. ಹುಡುಗನ ತಲೆ ಅಂತಲೇ ಆ ಕಟ್ಟಿಂಗಿಗೆ ಹೆಸರು. ಮಾಸ್ತರರು ತೋರಿಸಿದ ಚಿತ್ರದಲ್ಲಿ ಬರ್ಲಿನ್ನಿನ ಟೈಪಿಸ್ಟ್ ಹುಡುಗಿಯೊಬ್ಬಳು ನಗುತ್ತಿದ್ದಳು. ಮನೆಗೆ ಬಂದು ಎಲ್ಲವನ್ನೂ ಸ್ನೇಹಲ್‌ಗೆ ಹೇಳಿದ್ದೆ. ಅವಳು ಭೋಸರಿಯ ಕಾರ್ಖಾನೆಯಲ್ಲಿ ಡ್ರಿಲ್ಲಿಂಗ್ ಮಷಿನ್ ಮೇಲೆ ಕೆಲಸ ಮಾಡುವವಳು. ದಿನವೂ ಜಡೆ ಸುತ್ತಿ ಟೋಪಿಯೊಳಗೆ ತುರುಕಿ, ಸಂಜೆ ತಲೆನೋವೆಂದು ಮಲಗುವವಳು.

ಕಲ್ಲವ್ವ ಸುಳ್ಳು ಕೂದಲಿನ ಚೌರಿ ತಂದಳು. ಕಟ್ಟೋಣವೆಂದರೆ ಹಿಡಿತಕ್ಕೆ ಕೂದಲೇ ಸಿಗಲಿಲ್ಲ.

"ದೇವರಿಗೆ ಮುಡಿ ಕೊಟ್ಟಾಳಂತ ಹೇಳೂಣು," ಅಂದಳು. "ಹರಕಿ ಅಂದ್ರ ಯಾರೂ ಬಾಯಿ ತಗಿಯಂಗಿಲ್ಲ."

"ನಾ ಒಲ್ಲೆ," ಅಂದಳು ಸ್ನೇಹಲ್. "ಇವತ್ತ ಕೂದಲಕ್ಕ ದೇವರನ್ನ ಕರದ್ರ, ನಾಳೆ ಕೆಲಸಕ್ಕ ಹೋಗಾಕ ಯಾವ ದೇವರನ್ನ ಕರೀಲಿ?"

"ಸಂಬಂಧ ಮುರದ್ರ?"

ಸ್ನೇಹಲ್ ಚೌರಿಯನ್ನು ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಚನ್ನವೀರ ಅವಳು ಮನಸಾರೆ ಒಪ್ಪಿದ ಹುಡುಗ. ಆ ಎರಡು ದಿನ ಅವಳು ಸರಿಯಾಗಿ ಉಣ್ಣಲಿಲ್ಲ.

ರವಿವಾರ ಬಿಬವೇವಾಡಿಯ ನಮ್ಮ ಮನೆಗೆ ಚನ್ನವೀರ ತಾಯಿಯೊಂದಿಗೆ ಬಂದ. ತಾಯಿ ಬೋರಮ್ಮ ಹೂವಿನ ಬುಟ್ಟಿ ಹಿಡಿದುಕೊಂಡೇ ಸ್ನೇಹಲ್‌ಳ ತಲೆ ನೋಡುತ್ತ ನಿಂತರು.

"ಹರಕಿ ಇತ್ತೇನು?"

ಕಲ್ಲವ್ವ ತಲೆಯಾಡಿಸುವಷ್ಟರಲ್ಲಿ ಸ್ನೇಹಲ್ ಹೇಳಿಬಿಟ್ಟಳು. "ಇಲ್ರಿ ಅತ್ತಿ. ಮಷಿನ್ ಮುಂದ ಜಡಿ ಭಾಳ ತ್ರಾಸ ಆಗ್ತಿತ್ತು. ಮತ್ತ ನನಗ ಹಿಂಗ ಚಲೋ ಅನಸ್ತದ."

"ಇದನ್ನ ಯಾರ ಕಲಿಸಿದ್ರು?"

"ನಾನ್ರಿ," ಎಂದು ನಾನು ಜರ್ಮನಿಯ ಕಥೆ ಹೇಳಿದೆ. ಅಲ್ಲಿಯೂ ಮನೆಮನೆಯಲ್ಲಿ ಜಗಳವಾದದ್ದನ್ನೂ ಹೇಳಿದೆ.

"ಆಮ್ಯಾಲ ಆ ಹುಡುಗ್ಯಾರದು ಏನಾತು?" ಬೋರಮ್ಮ ಬುಟ್ಟಿ ಕೆಳಗಿಟ್ಟರು.

ಸಿಹಿ ಮಾಡಿ ಹೇಳಬಹುದಿತ್ತು. ಮನಸ್ಸು ಬರಲಿಲ್ಲ. "ಹದಿನೈದು ವರ್ಷದೊಳಗ ಬ್ಯಾರೆ ಸರಕಾರ ಬಂತ್ರಿ. ಹೆಂಗಸರು ಮನ್ಯಾಗಿರ್ರಿ, ಮಕ್ಕಳನ್ನ ಹಡೀರಿ ಅಂತು. ಮುಂದ ಇಡೀ ದೇಶನ ಹಾಳಾತು."

ಕಲ್ಲವ್ವ ನನ್ನತ್ತ ನೋಡಿದ ನೋಟದಲ್ಲೇ ನಾನು ಸುಟ್ಟುಹೋಗಬೇಕಿತ್ತು.

ಬೋರಮ್ಮ ಮಗನ ಕಡೆ ತಿರುಗಿದರು. "ನಿನಗ ಗೊತ್ತಿತ್ತೇನು?"

"ಶುಕ್ರವಾರನ ಫೋಟೊ ಕಳಿಸಿದ್ಲವ್ವಾ."

"ಮತ್ತ ಯಾಕ ಹೇಳ್ಲಿಲ್ಲ?"

"ನಿನಗ ಅಂಜಿ."

"ಇಕಿ ಅಂಜಲಿಲ್ಲ ನೋಡು." ಬೋರಮ್ಮ ಬುಟ್ಟಿಯಿಂದ ಹೂವಿನ ದಂಡೆ ತೆಗೆದರು. "ಆಗ್ಲಿ. ನಮ್ಮ ಮನ್ಯಾಗ ಅಂಜುವವ್ರು ಮೊದಲ ಸಾಕಷ್ಟ ಅದಾರ. ಪಿನ್ನ ಕೊಡ್ರಿ."

ಹೂವು ಎರಡು ಸಲ ಜಾರಿತು. ಮೂರನೆಯ ಸಲ ಸ್ನೇಹಲ್ ತಾನೇ ಒಂದು ತುದಿ ಹಿಡಿದಳು, ಬೋರಮ್ಮ ಕಿವಿಯ ಹಿಂದೆ ಪಿನ್ನು ಸಿಕ್ಕಿಸಿದರು. ಸೊಟ್ಟಗೇ ನಿಂತಿತು, ಆದರೆ ನಿಂತಿತು.

"ಮದುವಿ ಹೊತ್ತಿಗೆ ಕೂದಲ ಬೆಳಸ್ತಿ ಹೌದಿಲ್ಲೋ?"

"ನೋಡೂಣ್ರಿ ಅತ್ತಿ."

"ನೋಡೂಣು ಅಂದ್ರ ಬೆಳಸಂಗಿಲ್ಲ ಅಂತ. ಕಲ್ಲವ್ವಾ, ಫೋಟೊದವಗ ಈಗ ಹೇಳಿಡ್ರಿ, ಹಿಂದಿಂದ ತಗೀಬ್ಯಾಡ ಅಂತ."

ಮೊದಲು ನಕ್ಕವನು ಚನ್ನವೀರ. ಕಲ್ಲವ್ವ ಅಡುಗೆಮನೆಗೆ ಓಡಿದಳು. ಬೀಗರು ಎದ್ದು ಹೋಗುತ್ತಾರೆಂದೇ ಅವಳು ಅಲ್ಲಿಯವರೆಗೆ ಒಲೆಯನ್ನೇ ಹಚ್ಚಿರಲಿಲ್ಲ.