ಪುಂಡಿನಾರಿನ ಹಗ್ಗ

ಪಕ್ಕದ ಮನೆಯ ಪರಮೇಶ್ವರಪ್ಪ ಸ್ಟೂಲು ಹತ್ತಿ, ತೊಲೆಗೆ ತೂಗುಹಾಕಿದ್ದ ಪುಂಡಿನಾರಿನ ಹಗ್ಗದ ಸುರುಳಿಯನ್ನು ಇಳಿಸುವಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಮತಾಳ ಕೈಯಿಂದ ನೀರಿನ ತಂಬಿಗೆ ಜಾರಿತು. ಮಾವ ತೀರಿಕೊಂಡ ದಿನ ಸೊಸೆಯ ಕೈಯಿಂದ ಒಂದು ತಂಬಿಗೆ ಬಿದ್ದರೆ ಅದರಲ್ಲೇನು ವಿಶೇಷ?

"ಸಿಕ್ತು ನೋಡ್ರಿ!" ಪರಮೇಶ್ವರಪ್ಪ ಹಗ್ಗದ ಧೂಳು ಕೊಡವಿದ. "ಕರಬಸಪ್ಪ ತನ್ನ ವಿಮಾನಕ್ಕ ತಾನ ಹಗ್ಗಾ ಹೊಸೆದಿಟ್ಟು ಹೋಗ್ಯಾನ."

ಅಂಗಳದಲ್ಲಿ, ಹೆಣ ಕೂರಿಸಿ ಹೊತ್ತೊಯ್ಯುವ ಬಿದಿರು, ಬಾಳೆದಿಂಡಿನ ವಿಮಾನ ಅರ್ಧ ಎದ್ದು ನಿಂತಿತ್ತು. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಕರಬಸಪ್ಪ, ಹಣೆತುಂಬ ವಿಭೂತಿ ಧರಿಸಿ, ಈಗಲೂ ಯಾರನ್ನೋ ಬೈಯಲು ತಯಾರಾದವನಂತೆ ಕಾಣುತ್ತಿದ್ದ. ಎಂಬತ್ತು ದಾಟಿದ ಜೀವ. ರಾತ್ರಿ ರೊಟ್ಟಿ ತಿಂದು ಮಲಗಿದವನು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಅಂಥ ಸಾವಿಗೆ ಊರಿನವರು ಅಳುವುದಕ್ಕಿಂತ ಮಾತಾಡುವುದೇ ಹೆಚ್ಚು.

ಹಂಸಭಾವಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ದಾದಾಪೀರ ಬೈಕಿನಿಂದ ಇಳಿದು ಹಳದಿ ನೈಲಾನ್ ಹಗ್ಗದ ಕಟ್ಟೊಂದನ್ನು ಮುಂದೆ ಹಿಡಿದ.

"ಇದನ್ನೂ ಇಟ್ಕೊಳ್ರಿ. ಮಳಿ ಹತ್ತೈತಿ, ಹಳ್ಳ ದಾಟಬೇಕು."

"ಅತ್ಲಾಗ ಒಯ್ಯೋ ಮಾರಾಯಾ! ಅದನ್ನ ಕಟ್ಟಿದ್ರ ಇಂವಾ ಎದ್ದು ಬೈತಾನ," ಎಂದ ಪರಮೇಶ್ವರಪ್ಪ.

"ಬೈಲಿ ಬಿಡ್ರಿ. ಎದ್ದರ ಸಾಕು," ಎಂದು ದಾದಾಪೀರ ಕಣ್ಣೊರೆಸಿಕೊಂಡ. ಸಂತೆಗೆ ಬಂದಾಗಲೆಲ್ಲ ಕರಬಸಪ್ಪ ಅವನ ಅಂಗಡಿಯ ಮುಂದೆ ನಿಂತು, ನೈಲಾನ್ ಹಗ್ಗ ತೋರಿಸುತ್ತ, "ಇದನ್ನ ಎತ್ತಿನ ಕೊರಳಿಗೆ ಹಾಕಾವರು ಮೊದಲ ತಾವು ಒಂದ ದಿನಾ ಹಾಕ್ಕೊಂಡು ಅಡ್ಡಾಡ್ರಿ" ಎಂದು ಕೂಗಾಡಿ, ಆಮೇಲೆ ಒಳಗೆ ಕೂತು ಅವನದೇ ಚಹಾ ಕುಡಿದು ಹೋಗುತ್ತಿದ್ದ.

ಸಮತಾ ಅತ್ತೆಯ ಸೆರಗು ಹಿಡಿದು ಹಿತ್ತಲಿಗೆ ಕರೆದೊಯ್ದಳು.

"ಅತ್ತಿ, ಆ ಹಗ್ಗಾ ಮಾವಾರು ಹೊಸೆದಿದ್ದಲ್ರಿ. ನಂದು."

"ಗೊತ್ತೈತಿ," ಎಂದಳು ಅನ್ನವ್ವ.

"ದಾರ್ಯಾಗ ಹರದ್ರ? ಮಾವಾರು ಕೆಸರಾಗ ಬಿದ್ದ್ರ? ದಾದಾಪೀರಣ್ಣನ ಹಗ್ಗಾನ ಕಟ್ಟ್ರಿ ಅಂತ ಹೇಳಿಬಿಡ್ತೇನ್ರಿ."

"ಸುಮ್ಮನಿರು."

"ಗಟ್ಟಿ ಐತಿ ಅಂತ ಒಂದ ಮಾತು ಹೇಳಿಲ್ರೀ ಅವರು!"

"ನನ್ನ ರೊಟ್ಟಿ ಛಲೋ ಆಗೈತಿ ಅಂತನೂ ಅಂವಾ ಒಂದ ದಿನಾ ಹೇಳಿಲ್ಲ. ದಿನಾ ತಿಂದಾನ." ಅನ್ನವ್ವ ಸೆರಗು ಬಿಡಿಸಿಕೊಂಡು ಒಳಗೆ ಹೋದಳು.

*

ಹಗ್ಗ ಹೊಸೆಯುವುದನ್ನು ಕಲಿಸಿರೆಂದು ಕೇಳಿದವಳು ಸಮತಾಳೇ. ಮಧ್ಯಾಹ್ನದ ಹೊತ್ತು ಕಟ್ಟೆಯ ಮೇಲೆ ಮಾವನ ತೊಡೆಯಡಿಯಿಂದ ಹಗ್ಗ ಉದ್ದವಾಗುತ್ತ ಹೋಗುವುದನ್ನು ನೋಡಿ ಅವಳಿಗೆ ಆಸೆ ಹತ್ತಿತ್ತು. ಕರಬಸಪ್ಪ ಒಮ್ಮೆಗೇ ಹೂಂ ಅನ್ನಲಿಲ್ಲ. ಮೊದಲು ಪುಂಡಿ ಬಿತ್ತಿಸಿದ, ಕೊಯ್ಯಿಸಿದ, ಕಡ್ಡಿಯ ಹೊರೆಗಳನ್ನು ಕೆರೆಯ ನೀರಲ್ಲಿ ಕಲ್ಲು ಹೇರಿ ನೆನೆಹಾಕಿಸಿದ. "ಇದು ಕೂಸಿದ್ದಂಗ. ದಿನಾ ಹೋಗಿ ಮುಟ್ಟಿ ನೋಡು. ಬೇಗ ತಗದ್ರ ತೊಗಟಿ ಬಿಡೂದಿಲ್ಲ, ತಡಾ ಆದ್ರ ನಾರು ಕೊಳೀತೈತಿ."

ನಾರು ಕೊಳೆಯಿತು. ಹಾನಗಲ್ಲಿನಲ್ಲಿ ತಮ್ಮನ ಮದುವೆ, ಅರಿಸಿನ, ಬಳೆ ಎಂದು ಓಡಾಡುತ್ತ ಸಮತಾ ಕೆರೆಯನ್ನು ಮರೆತೇಬಿಟ್ಟಿದ್ದಳು. ತಿರುಗಿ ಬಂದು ಸುಲಿದಾಗ ನಾರು ನೋಡಲು ಬೆಳ್ಳಗೆ, ಮೆತ್ತಗೆ ಚೆನ್ನಾಗಿಯೇ ಇತ್ತು. ಮಾವನಿಗೆ ಏನೂ ಹೇಳದೆ ಹೊಸೆದು, ಇನ್ನೂ ಕರು ಹಾಕದ ಮಣಕವನ್ನು ಕಟ್ಟಿದಳು. ಮಣಕ ಒಮ್ಮೆ ಕತ್ತು ಕೊಡವಿ ಹಗ್ಗ ಹರಿದುಕೊಂಡು, ಬಾಲ ಎತ್ತಿ, ಪಕ್ಕದ ಪರಮೇಶ್ವರಪ್ಪನ ಅವರೆಯ ತೋಟಕ್ಕೆ ನುಗ್ಗಿ ಸಂಜೆಯವರೆಗೆ ಮೇಯಿತು. ಅಂದಿನಿಂದ ಊರಲ್ಲಿ ಏನು ಹರಿದರೂ, ಚಪ್ಪಲಿಯ ಉಂಗುಟವೇ ಆಗಲಿ, "ಸಮತಾ ಹೊಸೆದದ್ದೇನು?" ಎನ್ನುವುದು ರೂಢಿಯಾಯಿತು. ಅವಳು ನಗುತ್ತಿದ್ದಳು. ಹಿತ್ತಲಿಗೆ ಹೋಗಿ ಅಳುತ್ತಿದ್ದಳು.

ಕರಬಸಪ್ಪ ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು. ಮರುವರ್ಷ ಮತ್ತೆ ಪುಂಡಿ ಬಿತ್ತಿಸಿದ. ಈ ಸಲ ಸಮತಾ ದಿನಾ ಕೆರೆಗೆ ಹೋದಳು. ಹೊಸೆದ ಹಗ್ಗವನ್ನು ಮಾವ ಮೂಸಿದ, ಒಂದು ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ಜಗ್ಗಿದ, ತೊಲೆಗೆ ತೂಗುಹಾಕಿದ. "ಇರಲಿ. ಹೇಳ್ತೇನಿ," ಎಂದ. ಹೇಳದೆಯೇ ಹೋದ.

*

ಮಳೆ ಸಣ್ಣಗೆ ಹನಿಯುತ್ತಲೇ ಇತ್ತು. ಕರಬಸಪ್ಪನ ಮಗ, ಸಮತಾಳ ಗಂಡ ಲೋಹಿತ ಮುಂದೆ, ಪರಮೇಶ್ವರಪ್ಪ ಹಿಂದೆ ಹೆಗಲು ಕೊಟ್ಟಿದ್ದರು. ಎದೆಗೆ, ಸೊಂಟಕ್ಕೆ ಹಗ್ಗ ಬಿಗಿದು ವಿಮಾನದಲ್ಲಿ ಕೂರಿಸಿದ್ದ ಕರಬಸಪ್ಪ ಹೆಜ್ಜೆಹೆಜ್ಜೆಗೂ ತಲೆಯಾಡಿಸುತ್ತ ಹೊರಟಿದ್ದ. ಹೆಂಗಸರ ನಡುವೆ ಸಮತಾ ಮಾವನ ಮುಖ ನೋಡಲಿಲ್ಲ. ಅವಳ ಕಣ್ಣೆಲ್ಲ ಹಗ್ಗದ ಮೇಲೆ. ದೇವರೇ, ಇಷ್ಟು ದಾಟಿಸು, ಆಮೇಲೆ ಈ ಜನ್ಮದಲ್ಲಿ ನಾರು ಮುಟ್ಟುವುದಿಲ್ಲ ಎಂದುಕೊಂಡಳು.

ಹಳ್ಳದ ಇಳಿಜಾರಿನಲ್ಲಿ ಲೋಹಿತನ ಕಾಲು ಜಾರಿತು. ವಿಮಾನ ಮುಂದಕ್ಕೆ ವಾಲಿತು. ಹೆಂಗಸರು ಚೀರಿದರು. ಕರಬಸಪ್ಪನ ಮೈಭಾರವೆಲ್ಲ ಎದೆಯ ಹಗ್ಗದ ಮೇಲೆ ಬಿದ್ದು, ಆತ ಹಳ್ಳದ ನೀರನ್ನು ಬಗ್ಗಿ ನೋಡುವವನಂತೆ ನೇತಾಡಿದ. ಹಗ್ಗ ಕಿರ್ ಎಂದಿತು. ಸಮತಾ ಕಣ್ಣು ಮುಚ್ಚಿದಳು.

"ಎತ್ತ್ರಲೇ, ಎತ್ತ್ರಿ! ಏನಾಗಿಲ್ಲ!" ದಾದಾಪೀರ ನೀರಿಗಿಳಿದು ವಿಮಾನದ ಬಿದಿರುಬೊಂಬಿಗೆ ಹೆಗಲು ಕೊಟ್ಟ.

ಕಣ್ಣು ತೆರೆದಾಗ ಮಾವ ನೆಟ್ಟಗೆ ಕೂತಿದ್ದ. ತಲೆಯ ರುಮಾಲು ಮಾತ್ರ ಓರೆಯಾಗಿತ್ತು.

"ಕರಬಸಪ್ಪನ ಹಗ್ಗಾ ಅಂದ್ರ ಹಂಗ!" ಎಂದ ಪರಮೇಶ್ವರಪ್ಪ, ಏದುಸಿರು ಬಿಡುತ್ತ. ಸಮತಾಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು.

ಹೊಲದಲ್ಲಿ ತೋಡಿಟ್ಟಿದ್ದ ಕುಣಿಯ ಪಕ್ಕ ವಿಮಾನ ಇಳಿಸಿದರು. ಹಗ್ಗ ಬಿಚ್ಚಬೇಕು. ನೆನೆದ ನಾರು ಬಿಗಿದು ಕಲ್ಲಾಗಿತ್ತು. ಪರಮೇಶ್ವರಪ್ಪ ಹಗ್ಗದ ಹುರಿಯನ್ನು ಹಿಂದಕ್ಕೆ ತಿರುವಿ ಗಂಟು ಸಡಿಲಿಸಲು ನೋಡಿದ. ಗಂಟು ಇನ್ನಷ್ಟು ಬಿಗಿಯಿತು. ಮತ್ತೆ ತಿರುವಿದ. ಕಣ್ಣಿಗೆ ಹತ್ತಿರ ಹಿಡಿದು ನೋಡಿದ.

"ಇದೇನಿದು, ಹುರಿ ಉಲ್ಟಾ ಐತಿ! ಇದು ಕರಬಸಪ್ಪನ ಕೈಯಲ್ಲ."

"ಅಲ್ಲ," ಎಂದಳು ಅನ್ನವ್ವ. ಬೆಳಿಗ್ಗೆಯಿಂದ ಆಕೆ ಇಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ. "ನನ್ನ ಸೊಸಿದು. ಆಕಿ ಎಡಚಿ. ಹುರಿ ಆ ಕಡೆನ ಓಡತೈತಿ."

"ಯಾರು, ಸಮತಾನ? ನನ್ನ ಅವರಿ ತಿನ್ನಿಸಿದಾಕಿ?"

ಯಾರೋ ಕಿಸಕ್ಕೆಂದರು. ಮಣ್ಣು ಕೊಡಿಸಲು ಬಂದಿದ್ದ ಅಯ್ನೋರು ಕೆಮ್ಮಿ, ಕುಡುಗೋಲು ತಂದು ಕೊಯ್ದುಬಿಡಿ, ಹೊತ್ತಾಗುತ್ತದೆ ಎಂದರು.

"ಕೊಯ್ಯಬ್ಯಾಡ್ರಿ," ಎಂದು ಸಮತಾ ಮುಂದೆ ಬಂದಳು. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ಮಾವನ ಎದುರು ಮಂಡಿಯೂರಿ ಎಡಗೈ ಚಾಚಿದಳು.

"ಎಡಗೈ ಹಚ್ಚಬ್ಯಾಡಬೇ, ಹೆಣಕ್ಕ..." ಹಿಂದಿನಿಂದ ಒಬ್ಬ ಮುದುಕಿ ತಡೆದಳು.

"ಹಚ್ಚಲಿ," ಎಂದಳು ಅನ್ನವ್ವ. "ಆ ಕೈನ ಅವನ್ನ ಇಲ್ಲೀತನಕಾ ಬೀಳಲಾರದಂಗ ತಂದೈತಿ."

ಸಮತಾ ಹುರಿಯನ್ನು ತನ್ನ ದಿಕ್ಕಿಗೆ ಒಮ್ಮೆ ಹೊರಳಿಸಿದಳು. ಗಂಟು ಬಾಯಿ ಬಿಟ್ಟಿತು. ನಿಧಾನಕ್ಕೆ, ಮಾವನ ಮೈಗೆ ಉಜ್ಜದ ಹಾಗೆ, ಹಗ್ಗವನ್ನು ಬಿಚ್ಚಿ ತೆಗೆದಳು. ಈಗ ಅವಳಿಗೆ ಮಾವನ ಮುಖವನ್ನು ಕಣ್ತುಂಬ ನೋಡಲಾಯಿತು.

*

ಮಣ್ಣು ಕೊಟ್ಟು, ಸ್ನಾನ ಮಾಡಿ ಎಲ್ಲರೂ ಪಡಸಾಲೆಯಲ್ಲಿ ಕೂತರು. ಹೆಂಗಸರು ಕರಬಸಪ್ಪನ ಸಿಟ್ಟು, ಹಟ, ಎತ್ತುಗಳೊಂದಿಗೆ ಅವನು ಆಡುತ್ತಿದ್ದ ಮಾತು ನೆನೆಸಿಕೊಳ್ಳುತ್ತಿರುವಾಗ ಗೊರಕೆ ಕೇಳಿಸಿತು. ಬೆಳಿಗ್ಗೆ ಹೆಣ ಕೂರಿಸಿದ್ದ ಗೋಡೆಗೇ ಒರಗಿ, ಬಾಯಿ ತೆರೆದು, ಸಮತಾ ನಿದ್ದೆಹೋಗಿದ್ದಳು.

"ಅಯ್ಯ ಶಿವನ! ಎಬ್ಬಸ್ರೇ, ಅಲ್ಲಿ ಮಲಗಬಾರದು!"

"ಯಾರೂ ಮುಟ್ಟಬ್ಯಾಡ್ರಿ," ಎಂದಳು ಅನ್ನವ್ವ. ಪಕ್ಕಕ್ಕೆ ಸರಿದು ಕೂತು, ವಾಲುತ್ತಿದ್ದ ಸೊಸೆಯ ತಲೆಗೆ ಹೆಗಲು ಕೊಟ್ಟಳು. ಬೆಳಿಗ್ಗೆಯಿಂದ ಒಣಗಿದ್ದ ಆಕೆಯ ಕಣ್ಣುಗಳು ಆಗ ತುಂಬಿ ಬಂದವು.

ಪರಮೇಶ್ವರಪ್ಪ ಹೊಸ್ತಿಲಲ್ಲಿ ಬಂದು ನಿಂತ. "ಸಮತಾವ್ವಾ, ನನ್ನ ಹೋರಿಗೆ ಒಂದು ಹಗ್ಗಾ..." ಎಂದು ಶುರು ಮಾಡಿದ.

ಅನ್ನವ್ವ ತುಟಿಗೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಆಮೇಲೆ ಬಾ ಎಂದು ಸನ್ನೆ ಮಾಡಿದಳು. ಪರಮೇಶ್ವರಪ್ಪ ತಲೆಯಾಡಿಸಿದ. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಮೆಟ್ಟದೆ ಕೈಯಲ್ಲಿ ಎತ್ತಿಕೊಂಡು, ಸದ್ದಾಗದಂತೆ ತುದಿಗಾಲಲ್ಲಿ ಮೆಟ್ಟಿಲಿಳಿದು ಕೆಸರಿನಲ್ಲೇ ನಡೆದುಹೋದ.