ಸಿಮೆಂಟ್ ಚೀಲದ ನಕ್ಷತ್ರ

ಹೊಳೆಗೆ ಸೇತುವೆ ಕಟ್ಟುವವರ ಕಾಲೊನಿಯಲ್ಲಿ ಎಲ್ಲರೂ ಅವಳನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದರು. ಅದೇನೂ ಸುಳ್ಳಲ್ಲ. ಕ್ರೇನ್ ನಡೆಸುವ ಗಂಡನ ಜೊತೆ ಈ ತಗಡಿನ ಮನೆಗೆ ಬರುವ ಮೊದಲು ಅವಳು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದಳು. ಗಂಡ ಒಂದು ದಿಕ್ಕು, ತಾನೊಂದು ದಿಕ್ಕು ಇದ್ದು, ಮಕ್ಕಳು ಅಪ್ಪನನ್ನು ಫೋನಿನಲ್ಲೇ ನೋಡಿಕೊಂಡು ಬೆಳೆಯುವುದು ಸಾಕೆನಿಸಿ ಕೆಲಸ ಬಿಟ್ಟು ಬಂದಿದ್ದಳು. ಕಾಲೊನಿಯಿಂದ ಶಾಲೆ ದೂರ, ದಾರಿಯಲ್ಲಿ ಬಸ್ಸಿಲ್ಲ.

"ಮನೇಲೇ ಕಲಿಸ್ತೀನಿ ಬಿಡಿ. ಊರ ಮಕ್ಕಳಿಗೆಲ್ಲ ಕಲಿಸಿದೋಳು, ಹೆತ್ತ ಎರಡಕ್ಕೆ ಕಲಿಸೋಕಾಗಲ್ವಾ?" ಎಂದಿದ್ದಳು ಗಂಡನಿಗೆ.

ಆಗಲಿಲ್ಲ.

ಐದು ವರ್ಷದ ಮಗ ಗುಂಡನದೇನೂ ತಕರಾರಿಲ್ಲ. ಬಾಟಲಿ ಮುಚ್ಚಳ ಕೊಟ್ಟರೆ ಮುಚ್ಚಳ ಎಣಿಸುತ್ತಿದ್ದ, ದಾಳ ಕೊಟ್ಟರೆ ದಾಳ ಉರುಳಿಸುತ್ತಿದ್ದ, ಬಟಾಣಿ ಕೊಟ್ಟರೆ ಅರ್ಧ ಎಣಿಸಿ ಅರ್ಧ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕಷ್ಟವೆಲ್ಲ ಎಂಟು ವರ್ಷದ ಮಗಳದ್ದು. ಸಣಕಲು ಮೈಯಿಂದಾಗಿ ಅವಳಿಗೆ ಕಡ್ಡಿ ಎಂದು ಹೆಸರು ಬಿದ್ದಿತ್ತು. ಹಿಂದಿನ ಶಾಲೆಯಲ್ಲಿ ಬೋರ್ಡಿನ ಮುಂದೆ ನಿಂತು ಕಳೆಯುವ ಲೆಕ್ಕ ತಪ್ಪಿದಾಗ ಇಡೀ ತರಗತಿ ನಕ್ಕಿತ್ತಂತೆ, ಮೇಷ್ಟ್ರೂ ಸೇರಿಕೊಂಡು. ಆವತ್ತಿನಿಂದ ಅವಳದು ಒಂದೇ ಮಾತು.

"ನನಗೆ ಲೆಕ್ಕ ಬರಲ್ಲ," ಎಂದು ಕಡ್ಡಿ ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಿದ್ದಳು.

ಟೀಚರಮ್ಮ ಗೋಡೆಗೆ ವೇಳಾಪಟ್ಟಿ ಅಂಟಿಸಿದಳು. ಬಿಳಿ ಬೋರ್ಡು ತರಿಸಿದಳು. ಮಗಳು ಬೋರ್ಡು ಕಂಡ ಕೂಡಲೇ ಆಮೆಯ ಹಾಗೆ ಕುತ್ತಿಗೆ ಒಳಗೆಳೆದುಕೊಂಡು ಕೂರುತ್ತಿದ್ದಳು. ಒಂದು ಬೆಳಿಗ್ಗೆ ತಾಯಿಯ ತಾಳ್ಮೆ ತಪ್ಪಿ, "ಇಷ್ಟೂ ಗೊತ್ತಾಗಲ್ವೇನೇ ನಿಂಗೆ?" ಎಂಬ ಮಾತು ಬಾಯಿಂದ ಜಾರಿತು. ಮಗಳು ಅಳಲಿಲ್ಲ. ಆ ಶಾಲೆಯ ಬೋರ್ಡಿನ ಮುಂದೆ ನಿಂತಾಗ ಅವಳ ಮುಖ ಹೇಗಿದ್ದಿರಬೇಕೋ ಅದೇ ಮುಖ ಮಾಡಿಕೊಂಡು ಅಮ್ಮನನ್ನು ನೋಡಿದಳು, ಅಷ್ಟೆ. ಅವತ್ತೇ ಟೀಚರಮ್ಮ ಬೋರ್ಡನ್ನು ಮಂಚದ ಕೆಳಗೆ ತಳ್ಳಿದಳು. ದೀಪದ ಬುಡದಲ್ಲೇ ಕತ್ತಲು ಅಂತ ಜನ ಸುಮ್ಮನೆ ಹೇಳಲಿಲ್ಲ ಎಂದುಕೊಂಡಳು.

ಹೀಗಿರುವಾಗ ವರ್ಷದ ಕೊನೆಯ ರಜೆ ಬಂತು. ಕೆಲಸ ನಿಲ್ಲುತ್ತದೆ, ಅಪ್ಪ ಅಜ್ಜಿಯ ಮನೆಗೆ ಕರೆದುಕೊಂಡು ಹೋಗುತ್ತಾರೆ ಎಂದು ಮಕ್ಕಳು ಕಾದಿದ್ದರು. ಹಳೆಯ ಪತ್ರಿಕೆ ಕತ್ತರಿಸಿ ಬಳೆ ಬಳೆಯಾಗಿ ಅಂಟಿಸಿ ಅಜ್ಜಿಗೆಂದು ಉದ್ದನೆಯ ಸರ ಮಾಡಿದ್ದರು. ಆದರೆ ರಜೆಯ ಹಿಂದಿನ ಸಂಜೆ ಗಂಡ ಮುಖ ಸಪ್ಪಗೆ ಮಾಡಿಕೊಂಡು ಬಂದ.

"ಹೊಳೇಲಿ ನೀರು ಕಮ್ಮಿ ಇರೋವಾಗಲೇ ಕೊನೇ ತೊಲೆ ಕೂರಿಸ್ಬೇಕಂತೆ. ಎಲ್ಲರಿಗೂ ರಜೆ, ಕ್ರೇನಿನವನಿಗೆ ಇಲ್ಲ."

ಗುಂಡ ಗೋಳೋ ಎಂದ. ಅವನನ್ನು ಸಮಾಧಾನಪಡಿಸಲು ಅಪ್ಪ ಮಡಿಲಿಗೆಳೆದುಕೊಂಡು, "ನಾನು ಮೇಲಿಂದ ನಿಮ್ಮನ್ನ ನೋಡ್ತಾನೇ ಇರ್ತೀನಲ್ಲೋ. ಕಾಲೊನಿ ಎಲ್ಲ ಕಾಣತ್ತೆ. ನೀವೆಲ್ಲ ಇರುವೆಗಳ ಹಾಗೆ ಓಡಾಡ್ತಿರ್ತೀರಿ," ಎಂದ.

"ಅದ್ರಲ್ಲಿ ನಾನು ಯಾವ ಇರುವೆ ಅಂತ ನಿಂಗೆ ಹೇಗೆ ಗೊತ್ತಾಗತ್ತೆ?" ಎಂದು ಗುಂಡ ಮೂಗು ಒರೆಸಿಕೊಳ್ಳುತ್ತ ಕೇಳಿದ.

ಅಪ್ಪ ಅವನ ತಲೆ ಸವರಿದ. ಮೂಲೆಯಲ್ಲಿ ಕೂತಿದ್ದ ಕಡ್ಡಿ ಕಾಗದದ ಸರದ ತುದಿಯನ್ನು ತಿರುಚುತ್ತ, "ನಮ್ಮ ಮನೆ ಮೇಲೆ ಏನಾದ್ರೂ ಹಾಕೋಣ. ನಕ್ಷತ್ರ," ಎಂದಳು.

ಮರುದಿನ ಮಕ್ಕಳಿಬ್ಬರೂ ಸೇರಿ ಬಿಳಿ ಕಾಗದದ ನಕ್ಷತ್ರ ಕತ್ತರಿಸಿದರು. ಕಡ್ಡಿಯ ತೋಳಿನಷ್ಟು ಅಗಲ. ಟೀಚರಮ್ಮ ಸ್ಟೂಲು ಹತ್ತಿ ತಗಡಿನ ಮೇಲೆ ಕಲ್ಲಿಟ್ಟು ಅದನ್ನು ಕೂರಿಸಿದಳು. ಊಟದ ಹೊತ್ತಿಗೆ ಅಪ್ಪ ಮೇಲಿನಿಂದಲೇ ಫೋನು ಮಾಡಿದ.

"ಏನೋ ಬೆಳ್ಳಗೆ ಕಂಡ ಹಾಗಾಯ್ತು. ಕರವಸ್ತ್ರ ಒಣಗಿಸಿದೀರಾ?"

ಗುಂಡ ಬಿದ್ದು ಬಿದ್ದು ನಕ್ಕ. ಕಡ್ಡಿ ನಗಲಿಲ್ಲ. ಅಮ್ಮನ ಕೈಯಿಂದ ಫೋನು ತೆಗೆದುಕೊಂಡಳು.

"ಅಪ್ಪ, ಅಲ್ಲಿಂದ ಲಾರಿ ಕಾಣತ್ತಾ?"

"ಕಾಣತ್ತೆ. ಬೆಂಕಿಪೆಟ್ಟಿಗೆಯಷ್ಟು."

ಫೋನು ಇಟ್ಟವಳೇ ಕಡ್ಡಿ ಒಲೆಯ ಪಕ್ಕದಿಂದ ಬೆಂಕಿಪೆಟ್ಟಿಗೆ ತಂದಳು. ಅದನ್ನು ಊಟದ ತಟ್ಟೆಯ ಪಕ್ಕ ಇಟ್ಟು ತುಂಬ ಹೊತ್ತು ನೋಡಿದಳು. ಅಮ್ಮನಿಗೆ ಬಾಯಿ ತುರಿಸುತ್ತಿತ್ತು. ಅನುಪಾತ ಎಂಬ ಪದ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅವಳು ಅದನ್ನು ನುಂಗಿಕೊಂಡು ಪಾತ್ರೆ ತೊಳೆಯಲು ಹೋದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

"ಅಮ್ಮ," ಎಂದಳು ಕಡ್ಡಿ ಹಿಂದಿನಿಂದ. "ನಕ್ಷತ್ರ ಅಪ್ಪಂಗೆ ತಟ್ಟೆಯಷ್ಟು ದೊಡ್ಡದಾಗಿ ಕಾಣ್ಬೇಕು. ತಟ್ಟೆ ಅಡ್ಡಕ್ಕೆ ನಾಲ್ಕು ಪೆಟ್ಟಿಗೆ ಹಿಡಿಯತ್ತೆ. ಹಂಗಾದ್ರೆ ನಮ್ಮ ನಕ್ಷತ್ರ ನಾಲ್ಕು ಲಾರಿ ಉದ್ದ ಇರ್ಬೇಕು, ಅಲ್ವಾ?"

"ಹೌದಾ?" ಎಂದಳು ಅಮ್ಮ, ತಿರುಗಿ ನೋಡದೆ. ತಿರುಗಿದರೆ ಕಣ್ಣು ಗುಟ್ಟು ಬಿಟ್ಟುಕೊಡುತ್ತಿತ್ತು. "ಹೌದೋ ಅಲ್ವೋ ಹೇಗೆ ನೋಡೋದು?"

"ಮಾಡಿ ನೋಡೋದು."

ಅಷ್ಟು ದೊಡ್ಡ ಕಾಗದ ಎಲ್ಲಿಂದ ತರುವುದು? ಅದಕ್ಕೇನೂ ಬರವಿರಲಿಲ್ಲ. ಉಗ್ರಾಣದ ಹಿಂದೆ ಕಾಗದದ ಖಾಲಿ ಸಿಮೆಂಟ್ ಚೀಲಗಳು ಗುಡ್ಡೆ ಬಿದ್ದಿದ್ದವು. ಮೇಸ್ತ್ರಿಯನ್ನು ಕೇಳಿದಾಗ ಅವನು ತಲೆ ಕೆರೆದುಕೊಂಡು, "ಚೀಲ ಎಷ್ಟು ಬೇಕಾದ್ರೂ ತಗೊಳ್ಳಿ ಟೀಚರಮ್ಮ. ಕಬ್ಬಿಣ ಇಡ್ತಿದ್ದ ಬಯಲು ಖಾಲಿ ಬಿದ್ದಿದೆ, ಅಲ್ಲಿ ಹಾಸ್ಕೊಳ್ಳಿ. ಕ್ರೇನು ತಿರುಗೋ ಕಡೆ ಮಾತ್ರ ಒಂದು ಕಾಲೂ ಇಡಬಾರ್ದು," ಎಂದ.

ಟೀಚರಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು ಚೀಲಗಳನ್ನು ಕೊಡವಿ, ಬಿಚ್ಚಿ, ಉದ್ದಕ್ಕೆ ಪಟ್ಟಿಯಾಗಿ ಸೀಳಿದಳು. ಪಕ್ಕದ ಮನೆಯ ವೆಲ್ಡರಿನ ಹೆಂಡತಿ ಇದೇನು ಹುಚ್ಚು ಎಂದು ನೋಡಲು ಬಂದವಳು, ಸೆರಗು ಸಿಕ್ಕಿಸಿ ತಾನೂ ಕೂತಳು. ಅವಳ ಇಬ್ಬರು ಹೆಣ್ಣುಮಕ್ಕಳು ಉಳಿದಿದ್ದ ಸುಣ್ಣವನ್ನು ಕಲಸಿ ಪಟ್ಟಿಗಳಿಗೆ ಬಳಿದರು. ಪಟ್ಟಿಗಿಂತ ಮೈಗೇ ಹೆಚ್ಚು ಬಳಿದುಕೊಂಡರು.

ಅತ್ತ ಮನೆಯೊಳಗೆ ಕಡ್ಡಿಗೆ ಬೇರೆಯೇ ಚಿಂತೆ. ನಕ್ಷತ್ರಕ್ಕೆ ಆರು ತುದಿ. ಆರೂ ಒಂದೇ ಸಮ ದೂರದಲ್ಲಿರುವುದು ಹೇಗೆ? ನೆಲದ ಮೇಲೆ ದಾರದ ಒಂದು ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ತುದಿಗೆ ಇದ್ದಿಲು ಕಟ್ಟಿ ಸುತ್ತಿಸಿ ಗುಂಡಗೆ ಗೆರೆ ಎಳೆದಳು. ಕಣ್ಣಂದಾಜಿಗೆ ಚುಕ್ಕೆಗಳನ್ನಿಟ್ಟರೆ ಒಂದು ಕಡೆ ಕಿಕ್ಕಿರಿದು ಇನ್ನೊಂದು ಕಡೆ ಬಯಲಾಯಿತು. ಒರೆಸಿದಳು. ಮತ್ತೆ ಇಟ್ಟಳು. ಮತ್ತೆ ಒರೆಸಿದಳು. ಕೊನೆಗೆ ಸಿಟ್ಟು ಬಂದು, ಕೈಯಲ್ಲಿದ್ದ ಅದೇ ದಾರವನ್ನು ಗೆರೆಯ ಮೇಲೆ ಗೇಣು ಹಾಕಿದ ಹಾಗೆ ಇಡುತ್ತ ಹೊರಟಳು. ಆರನೆಯ ಸಲ ದಾರದ ತುದಿ ಹೊರಟಿದ್ದ ಚುಕ್ಕೆಗೇ ಬಂದು ಮುಟ್ಟಿತು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅಮ್ಮ, ಬಾ ಇಲ್ಲಿ. ಈ ದಾರಕ್ಕೆ ಮೊದಲೇ ಗೊತ್ತಿತ್ತು."

ಟೀಚರಮ್ಮ ಈ ಮಾತನ್ನು ಬೋರ್ಡಿನ ಮೇಲೆ ಎಷ್ಟು ಸಲ ಸಾಧಿಸಿ ತೋರಿಸಿದ್ದಳೋ ಲೆಕ್ಕವಿಲ್ಲ. ಆದರೂ ಮಗಳ ಪಕ್ಕ ನೆಲಕ್ಕೆ ಕೂತು ಇದ್ದಿಲಿನ ಗೆರೆ ನೋಡುವಾಗ ಅವಳಿಗೆ ಅದು ಹೊಸ ವಿಷಯದ ಹಾಗೆಯೇ ಕಂಡಿತು.

"ಇನ್ನೊಂದು ಸಲ ಮಾಡಿ ತೋರ್ಸು," ಎಂದಳು. ಅದು ಪರೀಕ್ಷೆಯಾಗಿರಲಿಲ್ಲ. ನಿಜವಾಗಿಯೂ ನೋಡಬೇಕೆನಿಸಿತ್ತು.

ಮರುದಿನ ಎಲ್ಲರೂ ಬಯಲಿಗೆ ಹೋದರು. ನಿಂತಿದ್ದ ಲಾರಿಯ ಉದ್ದಕ್ಕೆ ಹಗ್ಗ ಹಿಡಿದು, ಎರಡು ಲಾರಿಯಷ್ಟು ಅಳೆದು ಗಂಟು ಹಾಕಿದರು. ನಡುವಿನಿಂದ ಅಂಚಿಗೆ ಅರ್ಧ ಸಾಕು ಎಂದು ಕಡ್ಡಿಯೇ ಹೇಳಿದಳು. ನಡುವೆ ಹಗ್ಗ ಹಿಡಿದು ನಿಲ್ಲುವ ಕೆಲಸ ಗುಂಡನಿಗೆ ಬಂತು.

"ನೀನು ಗೂಟ. ಗೂಟ ಅಲ್ಲಾಡಬಾರ್ದು, ಮಾತಾಡಬಾರ್ದು," ಎಂದಳು ಅಕ್ಕ.

"ಗೂಟಕ್ಕೆ ನೆಗಡಿ ಆದ್ರೆ?"

"ಸೀನು. ಅಲ್ಲಾಡಬೇಡ."

ಕಡ್ಡಿ ಹಗ್ಗದ ತುದಿ ಹಿಡಿದು ನೆಲ ಗೀರುತ್ತ ಸುತ್ತು ಬಂದಳು. ಆದರೆ ಹಗ್ಗವನ್ನು ಗೆರೆಯ ಮೇಲಿಟ್ಟು, ಅಳತೆಗೊಂದು ಕಲ್ಲಿಡುತ್ತ ಹೋದರೆ, ಆರನೆಯ ಸಲ ಅದು ಮೊದಲ ಕಲ್ಲಿಗೆ ಮುಟ್ಟಲೇ ಇಲ್ಲ. ನಡುವೆ ಒಂದು ಮಂಚ ಹಾಕುವಷ್ಟು ಜಾಗ ಉಳಿಯಿತು. ಅವಳ ಮುಖ ಕಪ್ಪಿಟ್ಟಿತು. ಯಾರೂ ನಗಲಿಲ್ಲ. ಅವಳು ಸುತ್ತ ಒಮ್ಮೆ ನೋಡಿ, ಕೊನೆಯ ಕಲ್ಲನ್ನು ಸುಮ್ಮನೆ ಒಂದಿಷ್ಟು ಸರಿಸಿಟ್ಟಳು. ಅಮ್ಮ ಅದನ್ನು ನೋಡಿಯೂ ಪಟ್ಟಿ ಬಿಡಿಸತೊಡಗಿದಳು. ಒಂದು ಕಲ್ಲು ಬಿಟ್ಟು ಒಂದು ಕಲ್ಲಿಗೆ ಪಟ್ಟಿ ಹಾಸಿ, ಗಾಳಿಗೆ ಹಾರದಂತೆ ಜಲ್ಲಿ ಹೇರಿದರು. ಎರಡು ತ್ರಿಕೋನ ಒಂದರ ಮೇಲೊಂದು ಕೂತು ನಕ್ಷತ್ರವಾಯಿತು.

ಅಪ್ಪನ ಫೋನು ಬಂತು. "ಅಯ್ಯೋ, ಏನಿದು ಇಷ್ಟು ದೊಡ್ಡದು. ತಟ್ಟೆಯಷ್ಟು ಕಾಣತ್ತೆ ಕಣೇ. ಚೆನ್ನಾಗಿದೆ."

"ನಿಜ ಹೇಳಪ್ಪ," ಎಂದಳು ಕಡ್ಡಿ.

"ನಿಜ ಹೇಳ್ಬೇಕಂದ್ರೆ, ಒಂದು ಕಾಲು ಗಿಡ್ಡ. ಕುಂಟ್ತಾ ಇರೋ ಹಾಗಿದೆ."

ಮಗಳ ಕತ್ತು ಒಳಗೆ ಹೋಗುತ್ತದೆ, ಎರಡು ದಿನದ ಕೆಲಸವೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಗುತ್ತದೆ ಎಂದು ಟೀಚರಮ್ಮ ಹೆದರಿದಳು. ಕಡ್ಡಿ ಕಲ್ಲುಗಳ ಸುತ್ತ ಒಮ್ಮೆ ನಡೆದು ಬಂದಳು. ಆಮೇಲೆ ನಡುವೆ ನಿಂತು ನೆಲ ನೋಡಿದಳು. ಧೂಳಿನಲ್ಲಿ ಗುಂಡನ ಹೆಜ್ಜೆ ಗುರುತುಗಳು ಎರಡು ಕಡೆ ಇದ್ದವು.

"ನೀನು ಜಾಗ ಬಿಟ್ಯಾ?"

"ನಾಯಿ ಬಂತು," ಎಂದ ಗುಂಡ, ನೆಲ ಕೆರೆಯುತ್ತ. "ಸ್ವಲ್ಪ ಆಕಡೆ ನಿಂತೆ. ಸ್ವಲ್ಪೇ."

"ಹಗ್ಗ ಸರಿಯಾಗೇ ಇತ್ತು ಅಮ್ಮ. ಗೂಟ ಜಾಗ ಬಿಡ್ತು, ಅದಕ್ಕೇ ಗೆರೆ ಕೆಡ್ತು. ನಾನು ಕಲ್ಲು ಸರಿಸಬಾರ್ದಿತ್ತು." ಅವಳ ದನಿಯಲ್ಲಿ ನಾಚಿಕೆಯಿರಲಿಲ್ಲ. ಇಲಿ ಯಾವ ಬಿಲದಲ್ಲಿದೆ ಎಂದು ಪತ್ತೆಹಚ್ಚಿದವರ ಹುರುಪಿತ್ತು. "ನಾಳೆ ಕಬ್ಬಿಣದ ಸರಳು ನೆಡೋಣ. ಗುಂಡ ನಾಯಿ ಕಾಯ್ಲಿ."

ಹಾಗೇ ಮಾಡಿದರು. ಈ ಸಲ ಆರನೆಯ ಅಳತೆ ಮೊದಲ ಕಲ್ಲಿಗೆ ತಾಗಿ ನಿಂತಾಗ ಕಡ್ಡಿ ಕೂಗಾಡಲಿಲ್ಲ. ಕಲ್ಲಿನ ಮೇಲೆ ಕೈಯಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತು ತನ್ನಷ್ಟಕ್ಕೆ ನಕ್ಕಳು. ಮಧ್ಯಾಹ್ನ ತೊಲೆ ತನ್ನ ಜಾಗದಲ್ಲಿ ಕೂತಿತು. ಸಂಜೆ ಅಪ್ಪ ಏಣಿ ಇಳಿದು ಮನೆಗೂ ಹೋಗದೆ ನೇರ ಬಯಲಿಗೆ ಬಂದ. ನೆಲದ ಮೇಲೆ ನಿಂತು ನೋಡಿದರೆ ಅದು ಜಲ್ಲಿ ಹೇರಿದ ಕಾಗದದ ಪಟ್ಟಿ, ಅಷ್ಟೆ.

"ಇಲ್ಲಿಂದ ಏನೂ ಗೊತ್ತಾಗಲ್ಲ. ನೀವು ನೋಡದೇನೇ ಇಷ್ಟು ಸರಿಯಾಗಿ ಹೇಗೆ ಮಾಡಿದ್ರಿ?" ಎಂದು ಅವನು ಆಶ್ಚರ್ಯಪಟ್ಟ. ಕಡ್ಡಿ ಅವನ ಕೈಗೆ ಹಗ್ಗ ಕೊಟ್ಟು, ಕತ್ತಲಾಗುವವರೆಗೂ ಬಿಡದೆ ತೋರಿಸಿದಳು.

ಅದಾದ ಮೇಲೆ ಎಲ್ಲವೂ ಸಲೀಸಾಯಿತೆಂದಲ್ಲ. ಕಳೆಯುವ ಲೆಕ್ಕ ಕಂಡರೆ ಕಡ್ಡಿ ಇನ್ನೂ ಹುಬ್ಬು ಗಂಟಿಕ್ಕುತ್ತಿದ್ದಳು. ಕೆಲವು ದಿನ ಪೆನ್ಸಿಲು ಎಸೆಯುತ್ತಲೂ ಇದ್ದಳು. ಆದರೆ ಎಸೆದ ಪೆನ್ಸಿಲನ್ನು ತಾನೇ ಹೋಗಿ ಎತ್ತಿಕೊಂಡು ಬರುತ್ತಿದ್ದಳು. ಟೀಚರಮ್ಮನೂ ಬದಲಾಗಿದ್ದಳು. ಉತ್ತರ ಗಂಟಲಿಗೆ ಬಂದಾಗ ಎದ್ದು ಹೋಗಿ ಯಾವುದಾದರೂ ಪಾತ್ರೆ ತೊಳೆಯುತ್ತಿದ್ದಳು. ಆ ಕಾಲೊನಿಯಲ್ಲಿ ಅವಳ ಮನೆಯ ಪಾತ್ರೆಗಳಷ್ಟು ಹೊಳೆಯುವ ಪಾತ್ರೆ ಇನ್ನೊಂದಿರಲಿಲ್ಲ.

ರಜೆ ಮುಗಿದ ಬೆಳಿಗ್ಗೆ ಬಾಗಿಲ ಬಳಿ ಸದ್ದಾಯಿತು. ವೆಲ್ಡರಿನ ಹೆಣ್ಣುಮಕ್ಕಳು ತಲೆ ಬಾಚಿಕೊಂಡು, ಮುಖ ತೊಳೆದುಕೊಂಡು ನಿಂತಿದ್ದರು. ಅವರ ಹಿಂದೆ ಇನ್ನೂ ಮೂರ್ನಾಲ್ಕು ಪುಟ್ಟ ತಲೆಗಳು.

"ಅಮ್ಮ ಕಳ್ಸಿದ್ರು. ಇವತ್ತು ಏನು ಮಾಡ್ತೀರಾ?" ಎಂದಳು ದೊಡ್ಡವಳು.

ಟೀಚರಮ್ಮ ಉತ್ತರ ಹೇಳುವ ಮೊದಲೇ ಕಡ್ಡಿ ಒಳಗಿನ ಚಾಪೆಯನ್ನು ಗೋಡೆಯಿಂದ ಗೋಡೆಗೆ ಹಾಸಿ, ಎಷ್ಟು ಜನ ಕೂರಬಹುದೆಂದು ಗುಂಡನನ್ನು ಅಡ್ಡ ಮಲಗಿಸಿ ಅಳೆಯುತ್ತಿದ್ದಳು.